ಕಡಲು ನಿಂತ ಒಂಬತ್ತು ಸೆಕೆಂಡು

ಕಾಪುವಿನಿಂದ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಮುಂದಿನ ಸೀಟಿನ ಹುಡುಗಿಯ ಮೊಬೈಲಿನಿಂದ ಸುಗಂಧಿ ತನ್ನದೇ ಸ್ವರ ಕೇಳಿದಳು.

"ಎಳೀರಿ, ಎಳೀರಿ. ಭಾರ ಉಂಟು. ದೊಡ್ಡದುಂಟು ಒಳಗೆ."

ಪರದೆಯ ಮೇಲೆ ಯಾವುದೋ ಊರಿನ ಸೀಮಂತ. ತುಂಬು ಹೊಟ್ಟೆಯ ಹೆಂಗಸನ್ನು ನಾಲ್ಕು ಜನ ಸೇರಿ ಸೋಫಾದಿಂದ ಎಬ್ಬಿಸುತ್ತಿದ್ದರು, ಅವಳೂ ನಗುತ್ತಿದ್ದಳು. ಹುಡುಗಿ ಬೆರಳು ಸರಿಸಿದಳು. ಈಗ ಬಟ್ಟೆ ಅಂಗಡಿಯವನೊಬ್ಬ ಪೆಟ್ಟಿಗೆಯಿಂದ ಜರಿ ಸೀರೆ ಎಳೆಯುತ್ತಿದ್ದ. ಸ್ವರ ಮಾತ್ರ ಅದೇ. ಎಳೀರಿ, ಎಳೀರಿ.

ಸುಗಂಧಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಕಂಡಕ್ಟರ್ ಅವಳ ಕಾಲಬುಡದ ಮೀನಿನ ಪೆಟ್ಟಿಗೆಯನ್ನು ಬೂಟಿನಿಂದ ತಟ್ಟಿ, "ಅಕ್ಕಾ, ನೀರು ಸೋರಿದರೆ ಬೆಳ್ಮಣ್‌ನಲ್ಲಿ ಇಳಿಸಿಬಿಡುತ್ತೇನೆ, ಮತ್ತೆ ಹೇಳಲಿಲ್ಲ ಅನ್ನಬೇಡಿ" ಎಂದ.

ದಿನವೂ ಅವನಿಗೆ ಒಂದು ಉತ್ತರ ಕೊಡುತ್ತಿದ್ದಳು. "ಐಸು ಮಾರಾಯ, ನಿನ್ನ ಹಾಗೆ ಅದಕ್ಕೂ ಬೆವರು ಬರುತ್ತದೆ" ಎಂದು ಬಸ್ಸಿಡೀ ನಗಿಸುತ್ತಿದ್ದಳು. ಈಗ ಮೂರು ತಿಂಗಳಿಂದ ಬಸ್ಸಿನಲ್ಲಿ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ ಎಂಬ ಹೆದರಿಕೆ.

ಆ ಮಾತು ಹುಟ್ಟಿದ್ದು ಪೊಲಿಪುವಿನ ಕಡಲ ತೀರದಲ್ಲಿ. ಬಲೆಯ ಹಗ್ಗ ಹಿಡಿದು ಸುಗಂಧಿ ಅದನ್ನು ಕೂಗಿದಾಗ ಬಲೆಯೊಳಗೆ ಇಪ್ಪತ್ತು ವರ್ಷದ ಹುಡುಗನ ಹೆಣವಿತ್ತು. ಸೋಫಾದ ಹೆಂಗಸಿಗೆ ಅದು ಗೊತ್ತಿಲ್ಲ. ಸೀರೆಯ ಅಂಗಡಿಯವನಿಗೂ ಗೊತ್ತಿಲ್ಲ. ಗೊತ್ತಿದ್ದರೆ ಬಿಡುತ್ತಿದ್ದರು ಎಂದು ನಂಬುವಷ್ಟು ಒಳ್ಳೆಯ ಕಾಲದಲ್ಲಿ ನಾವು ಬದುಕುತ್ತಿಲ್ಲ.

ಸುಗಂಧಿಗೆ ಈಗ ನಲವತ್ತೊಂಬತ್ತು. ಮದುವೆಯಾಗಿ ಪೊಲಿಪುವಿಗೆ ಬಂದ ಎರಡನೆಯ ವರ್ಷ ಅತ್ತೆಯ ಬುಟ್ಟಿಯನ್ನು ತಲೆಗೆ ತೆಗೆದುಕೊಂಡವಳು, ಇಪ್ಪತ್ತನಾಲ್ಕು ವರ್ಷ ಕಾರ್ಕಳದ ಓಣಿಗಳಲ್ಲಿ ಮೀನು ಮಾರಿದ್ದಾಳೆ. ಯಾವ ಮನೆಯಲ್ಲಿ ಬಂಗುಡೆ ನಡೆಯುತ್ತದೆ, ಯಾವ ಮನೆಯಲ್ಲಿ ಗಂಡ ಊರಿಗೆ ಬಂದಾಗ ಮಾತ್ರ ಅಂಜಲ್ ತೆಗೆದುಕೊಳ್ಳುತ್ತಾರೆ, ಯಾವ ಮನೆಯ ಸೊಸೆಗೆ ಮೀನು ಕೊಯ್ಯಲು ಬರುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಗಂಡ ಅಣ್ಣು ಕೈರಂಪಣಿ ತಂಡದ ಮುಖಂಡ. ಯಂತ್ರದ ದೋಣಿಯಿಲ್ಲದೆ, ದಡದಲ್ಲಿ ನಿಂತು ಕೈಯಿಂದಲೇ ಎಳೆಯುವ ದೊಡ್ಡ ಬಲೆ ಅದು. ಮೂವತ್ತು ಜನ ಬೇಕು. ಅಣ್ಣುವಿನದು ಮಾತು ಕಡಿಮೆ. ಮನೆಯ ಮಾತೆಲ್ಲ ಸುಗಂಧಿಯದ್ದೇ.

ಆ ಮಾತನ್ನು ಮಾರಬಹುದು ಎಂದು ಕಂಡುಹಿಡಿದವಳು ಮಗಳು ಆಶ್ರಿತಾ. ಮಣಿಪಾಲದಲ್ಲಿ ಫೋಟೋ ಸ್ಟುಡಿಯೋ ಒಂದರಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಅವಳದು. ಎರಡು ವರ್ಷದ ಹಿಂದೆ ಅಮ್ಮ ಮೀನು ಕೊಯ್ಯುವುದನ್ನು ಮೊಬೈಲಿನಲ್ಲಿ ತೆಗೆದು, ಅಮ್ಮನ ಹೆಸರಿನಲ್ಲೇ ಒಂದು ಚಾನೆಲ್ ಮಾಡಿ ಅದಕ್ಕೆ ಹಾಕಿದಳು. ಅಮ್ಮನ ಕತ್ತಿಗಿಂತ ಅಮ್ಮನ ಬಾಯಿ ಹರಿತ ಎಂದು ಜನರಿಗೆ ತಿಳಿಯಿತು.

"ತುಳುವಿನಲ್ಲಿ ಬೇಡ ಅಮ್ಮಾ. ಕನ್ನಡದಲ್ಲಿ ಮಾತಾಡು. ಹುಬ್ಬಳ್ಳಿಯವರೂ ನೋಡುತ್ತಾರೆ."

"ಹುಬ್ಬಳ್ಳಿಯವರಿಗೆ ಬೂತಾಯಿ ಕೊಯ್ದು ಎಂತ ಆಗಬೇಕು?"

"ನೋಡಲಿಕ್ಕೆ. ನೋಡಿದರೆ ಸಾಕು, ತಿನ್ನಬೇಕಂತ ಇಲ್ಲ."

ಹೀಗೆ ಸುಗಂಧಿಗೆ ಎರಡು ನಾಲಗೆಯಾಯಿತು. ಬೈಯಲು, ಅಳಲು, ಚೌಕಾಸಿ ಮಾಡಲು ತುಳು. ಮೊಬೈಲು ಎದುರಿಗೆ ಬಂದ ಕೂಡಲೇ, ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಹೇಳುವ ಮಗುವಿನಂತೆ ಕನ್ನಡ. "ನಮಸ್ಕಾರ ವೀಕ್ಷಕರೇ, ನಾನು ನಿಮ್ಮ ಸುಗಂಧಿಯಕ್ಕ." ಕೆಲವು ತಿಂಗಳಲ್ಲಿ ಅದು ಎಷ್ಟು ರೂಢಿಯಾಯಿತೆಂದರೆ, ಮಗಳು ಮೊಬೈಲು ಎತ್ತಿದರೆ ಸಾಕು, ನಾಲಗೆ ತಾನಾಗಿ ಹೊರಳುತ್ತಿತ್ತು.

ದೀಪಾವಳಿ ಕಳೆದ ಭಾನುವಾರ ಸಂಜೆ ಮಣಿಪಾಲದ ಮೂವರು ವಿದ್ಯಾರ್ಥಿಗಳು ಕಾಪುವಿನ ದೀಪಸ್ತಂಭದ ಬಳಿ ನೀರಿಗಿಳಿದರು. ಇಬ್ಬರು ಮೇಲೆ ಬಂದರು. ಸೋಮವಾರವಿಡೀ ಹುಡುಕಿದರು. ಆ ವಾರ ನೀರಿನ ಸೆಳೆತ ತೆಂಕಣಕ್ಕಿತ್ತು, ಹೆಣ ಎರ್ಮಾಳಿನ ಕಡೆ ಏಳುತ್ತದೆ ಎಂದು ಎಲ್ಲರೂ ಹೇಳಿದರು. ಎಲ್ಲರೂ ಹೇಳಿದ್ದರಿಂದಲೇ ಮಂಗಳವಾರ ಬೆಳಗ್ಗೆ ಅಣ್ಣುವಿನ ತಂಡ ಹೆಣದ ದಾರಿ ತಪ್ಪಿಸಿ ಬಡಗಣಕ್ಕೆ ಹೋಗಿ ಬಲೆ ಬೀಸಿತು.

ಹಗ್ಗ ಹಿಡಿದರೆ ಒಳಗಿನ ಮೀನು ಯಾವುದೆಂದು ಹೇಳುವುದು ಸುಗಂಧಿಯ ಹೆಮ್ಮೆ. ಬೂತಾಯಿ ಬಂದರೆ ಹಗ್ಗ ನಡುಗುತ್ತದೆ, ಬಂಗುಡೆಯಾದರೆ ಜಗ್ಗಿ ಜಗ್ಗಿ ಬಿಡುತ್ತದೆ. ಆ ದಿನ ಹಗ್ಗ ನಡುಗಲೂ ಇಲ್ಲ, ಜಗ್ಗಲೂ ಇಲ್ಲ. ನೆಲ ಕಚ್ಚಿಕೊಂಡು ಬರುವ ಹಾಗೆ ಸುಮ್ಮನೆ ಭಾರ. ನೆಲ ಕಚ್ಚುವ ಮೀನೆಂದರೆ ತೊರಕೆ. ದೊಡ್ಡ ತೊರಕೆ ಎಂದರೆ ಒಂದು ವಾರದ ವ್ಯಾಪಾರ. ಹಗ್ಗದಲ್ಲಿ ಅವಳಿಗಿಂತ ಎರಡು ಆಳು ಮುಂದಿದ್ದ ಅಣ್ಣು ಒಮ್ಮೆ ಎಳೆಯುವುದನ್ನು ನಿಲ್ಲಿಸಿ, "ಇದು ಮೀನಿನ ಭಾರ ಅಲ್ಲ" ಎಂದ. ಮೆಲ್ಲಗೆ ಎಂದ. ಸುಗಂಧಿಯ ಎದುರಿಗೆ ಮಗಳ ಮೊಬೈಲಿತ್ತು.

"ಎಳೀರಿ, ಎಳೀರಿ. ಭಾರ ಉಂಟು. ದೊಡ್ಡದುಂಟು ಒಳಗೆ."

ಬಲೆಯ ಹೊಟ್ಟೆ ದಡಕ್ಕೆ ಬಂತು. ಮೂವತ್ತು ಜನರ ಗದ್ದಲ, ಯಾರೋ ಕೈಯಿಂದ ಒರೆಸಿದ ಹಾಗೆ, ಒಂದೇ ಸಲ ಇಲ್ಲವಾಯಿತು. ಕಡಲು ಮಾತ್ರ ಸದ್ದು ಮಾಡುತ್ತಿತ್ತು.

ಆ ತಂಡದಲ್ಲಿ ಅಜ್ಜಂದಿರ ಕಾಲದಿಂದ ಒಂದು ಕಟ್ಟಳೆಯಿದೆ. ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಮೀನಿನಲ್ಲಿ ಪಾಲು. ಆದರೆ ಹೆಣ ಬಂದ ಬಲೆಯ ಮೀನಿನಲ್ಲಿ ಯಾರಿಗೂ ಪಾಲಿಲ್ಲ. ಅದನ್ನು ಮಾರುವುದಿಲ್ಲ, ತಿನ್ನುವುದಿಲ್ಲ, ಬೆಕ್ಕಿಗೂ ಹಾಕುವುದಿಲ್ಲ. ಪೊಲೀಸರು ಹುಡುಗನನ್ನು ಒಯ್ದ ಮೇಲೆ ತಂಡದವರು ಮೀನನ್ನೆಲ್ಲ ಬುಟ್ಟಿಗಳಲ್ಲಿ ತುಂಬಿ ಮತ್ತೆ ಕಡಲಿಗೆ ಸುರಿದರು. ಸುಗಂಧಿಯೂ ಎರಡು ಬುಟ್ಟಿ ಸುರಿದಳು. ಸೊಂಟದ ತನಕ ನೀರಿನಲ್ಲಿ ನಿಂತು, ಅತ್ತುಕೊಂಡೇ ಸುರಿದಳು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ.

ಮೀನು ಹೋಯಿತು. ವಿಡಿಯೋ ಉಳಿಯಿತು.

ಆಶ್ರಿತಾ ಅದನ್ನು ಅಂದೇ ಹಾಕಿದಳು. ಹೆಣ ತೋರಿಸಲಿಲ್ಲ. ಹಾಗೆ ತೋರಿಸಿದರೆ ವಿಡಿಯೋ ಕಂಪನಿ ದುಡ್ಡು ಕೊಡುವುದಿಲ್ಲ. ಕಂಪನಿಗೂ ಒಂದು ಮರ್ಯಾದೆ ಉಂಟಲ್ಲ, ಹೆಣದ ಹತ್ತಿರದವರೆಗೆ ಬರಬಹುದು, ಹೆಣ ಮುಟ್ಟಬಾರದು. ಎಳೆಯುವವರ ಮುಖಗಳು, ಸುಗಂಧಿಯ ಕೂಗು, ಆಮೇಲೆ ಆ ಮೌನ, ಅಷ್ಟಕ್ಕೇ ಕತ್ತರಿಸಿದ್ದಳು. ಜನರಿಗೆ ಅದೇ ಬೇಕಾಗಿತ್ತು. ಏನು ಬಂತು, ಉಳಿದದ್ದು ಎಲ್ಲಿ, ಎರಡನೇ ಭಾಗ ಹಾಕಿ ಎಂದು ಕೆಳಗೆ ಸಾಲುಗಟ್ಟಿ ಬರೆದರು. ಅರುವತ್ತು ಲಕ್ಷ ಜನ ನೋಡಿದರು. ಅಷ್ಟು ಜನರಲ್ಲಿ ಸತ್ತವನ ಹೆಸರು ಕೇಳಿದವರು ಹನ್ನೊಂದು ಮಂದಿ. ಆಶ್ರಿತಾ ಎಣಿಸಿದ್ದಳು. ಸುಗಂಧಿಯ ಕೂಗನ್ನು ಮಾತ್ರ ಯಾರೋ ಕಿತ್ತು ಬೇರೆ ಮಾಡಿ ಹಾಕಿದರು. ಆಮೇಲೆ ಅದು ಸೀಮಂತಕ್ಕೂ ಸೀರೆಗೂ ಎಲ್ಲರ ಸ್ವತ್ತಾಯಿತು.

ಸತ್ತವನ ಹೆಸರು ಸುಗಂಧಿಗೆ ಗೊತ್ತಾದದ್ದು ಆ ವಾರದ ಶುಕ್ರವಾರ. ಕಾರ್ಕಳದಲ್ಲಿ ಅವಳು ಇಪ್ಪತ್ತು ವರ್ಷದಿಂದ ಮೀನು ಹಾಕುತ್ತಿದ್ದ ಓಣಿಯ ಬಾಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿತ್ತು. ಕಾರ್ಲ್. ಅದೇ ಓಣಿಯ ಮ್ಯಾಗ್ಡಲಿನ್ ಬಾಯಿಯ ಮಗ. ಐದು ವರ್ಷದವನಿದ್ದಾಗ ಇವಳ ಬುಟ್ಟಿಯಿಂದ ಜೀವವಿದ್ದ ಏಡಿ ಕದ್ದು, ಬೆರಳು ಕಚ್ಚಿಸಿಕೊಂಡು, ಅಂಗಳವಿಡೀ ಓಡಿದ ಹುಡುಗ. ಎರಡು ದಿನ ನೀರಿನಲ್ಲಿದ್ದ ಮುಖವನ್ನು ಅವಳು ಗುರುತು ಹಿಡಿದಿರಲಿಲ್ಲ.

ಫ್ಲೆಕ್ಸಿನ ಎದುರು ಎಷ್ಟು ಹೊತ್ತು ನಿಂತಳೋ. ವಿಡಿಯೋ ಆಗ ಇನ್ನೂ ಮೂರು ಲಕ್ಷ ದಾಟಿತ್ತಷ್ಟೆ. ಮಗಳಿಗೆ ಫೋನ್ ಮಾಡಿ ತೆಗೆಸಿಬಿಡಬಹುದಿತ್ತು. ತೆಗೆಸಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಇನ್ನೊಂದು ಓಣಿಗೆ ಹೋದಳು. ಆ ದಿನದಿಂದ ಮ್ಯಾಗ್ಡಲಿನ್ ಬಾಯಿಯ ಓಣಿಗೆ ಕಾಲಿಡಲಿಲ್ಲ.

ಹಣ ಲೆಕ್ಕವಾಗಿ ಬಿದ್ದಿತ್ತು. ಎರಡು ಲಕ್ಷದ ಹತ್ತಿರ. ಆದರೆ ಬಿದ್ದದ್ದು ಕೈಗೆ ಬರಬೇಕಲ್ಲ. ಚಾನೆಲ್ ಸುಗಂಧಿಯ ಹೆಸರಿನಲ್ಲಿತ್ತು, ಹಾಗಾಗಿ ತಾನು ತಾನೇ ಎಂದು ಅವಳೇ ಸಾಬೀತು ಮಾಡಬೇಕಾಗಿತ್ತು. ಅಂಚೆಯಲ್ಲಿ ಗುಪ್ತ ಸಂಖ್ಯೆಯ ಕಾಗದ ಬಂತು. ಅದನ್ನು ಹಿಡಿದುಕೊಂಡು ಅವಳು ಕಾಪು ಪೇಟೆಯ ಫಾಝಿಲನ ಅಂಗಡಿಗೆ ಹೋದಳು. ಆಧಾರ್, ಪಾನ್, ರೇಷನ್ ಕಾರ್ಡು, ದುಬಾಯಿ ಟಿಕೆಟು, ಎಲ್ಲ ಅವನಲ್ಲೇ.

"ಸುಗಂಧಿಯಕ್ಕಾ, ಇಲ್ಲೊಂದು ಸಹಿ ಬೇಕು. ನೀವು ಅಮೆರಿಕದವರಲ್ಲ ಎಂದು ಅಮೆರಿಕದ ತೆರಿಗೆಯವರಿಗೆ ಬರೆದು ಕೊಡಬೇಕು."

"ನನ್ನನ್ನು ನೋಡಿದರೆ ಗೊತ್ತಾಗುವುದಿಲ್ಲವಾ ಅವರಿಗೆ?"

"ಅವರು ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಬೇಗ ಬರೆಯಿರಿ, ಇಲ್ಲದಿದ್ದರೆ ನಾಳೆ ವೈಟ್ ಹೌಸಿಗೆ ಬೂತಾಯಿ ಹಾಕಬೇಕಾದೀತು."

ಸುಗಂಧಿ ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. ಆ ಹಣದಿಂದ ಕಾಪು ಪೇಟೆಯಲ್ಲೇ ಒಂದು ಸಣ್ಣ ಕಟ್ಟೆ, ಒಂದು ಐಸ್ ಪೆಟ್ಟಿಗೆ, ಮೇಲೊಂದು ಶೀಟು. ಬಸ್ಸಿಲ್ಲ, ಕಂಡಕ್ಟರಿಲ್ಲ, ಮಂಡಿ ನೋವಿಲ್ಲ. ಇದು ದುರಾಸೆ ಎನ್ನುವವರು ಇಪ್ಪತ್ತನಾಲ್ಕು ವರ್ಷ ಮೀನಿನ ಬುಟ್ಟಿ ಹೊತ್ತುಕೊಂಡು ಖಾಸಗಿ ಬಸ್ಸು ಹತ್ತಿ ಬಂದು ಆಮೇಲೆ ಅನ್ನಲಿ.

ಮನೆಯಲ್ಲಿ ಅಣ್ಣು ಮಾತ್ರ ಊಟದ ಬಟ್ಟಲಿನಿಂದ ತಲೆ ಎತ್ತದೆ ಹೇಳಿದ.

"ಆ ಬಲೆಯದ್ದು ನಮಗೆ ಬೇಡ."

"ಬಲೆಯದ್ದಲ್ಲ ಅಪ್ಪಾ, ವಿಡಿಯೋದ್ದು" ಎಂದಳು ಆಶ್ರಿತಾ.

"ವಿಡಿಯೋದಲ್ಲಿ ಎಂತ ಇತ್ತು?"

"ಮೀನು ಸುರಿದ ಹಾಗೆ ಸುರಿಯಲಿಕ್ಕೆ ಇದಕ್ಕೆ ಕಡಲು ಎಲ್ಲಿ ಉಂಟು?" ಎಂದಳು ಸುಗಂಧಿ. "ನಾವು ತೆಗೆದುಕೊಳ್ಳದಿದ್ದರೆ ಕಂಪನಿ ಇಟ್ಟುಕೊಳ್ಳುತ್ತದೆ. ಅವರೇನು ಹಗ್ಗ ಎಳೆದಿದ್ದಾರಾ?"

ಅಣ್ಣು ಕೈ ತೊಳೆದು ಹೊರಗೆ ಹೋಗಿ ಬಲೆಯ ಹರಿದ ಕಣ್ಣು ಕಟ್ಟುತ್ತ ಕುಳಿತ.

ಕೊನೆಯ ಹಂತವೊಂದು ಬಾಕಿಯಿತ್ತು, ಮುಖದ ಪರೀಕ್ಷೆ. ಮೊಬೈಲಿನ ಎದುರು ಕುಳಿತು ಜೀವಂತ ಇದ್ದೇನೆ ಎಂದು ತೋರಿಸಬೇಕು. ತಿಂಗಳ ಕೊನೆಯೊಳಗೆ ಮುಗಿಸಬೇಕೆಂದು ಸೂಚನೆ ಬಂದಿತ್ತು. ಗುರುವಾರ ಬನ್ನಿ ಎಂದ ಫಾಝಿಲ್.

ಅದಕ್ಕೆ ಎರಡು ದಿನ ಮೊದಲು, ಮಂಗಳವಾರ, ಕಾರ್ಕಳದ ಮಾರ್ಕೆಟ್ಟಿನ ಹೊರಗೆ ಸುಗಂಧಿ ಬಂಗುಡೆ ಹರಡಿಕೊಂಡು ಕುಳಿತಿದ್ದಾಗ ಎದುರಿಗೆ ಒಂದು ಜೊತೆ ಬಿಳಿ ಚಪ್ಪಲಿ ಬಂದು ನಿಂತಿತು. ತಲೆ ಎತ್ತುವ ಮೊದಲೇ ಯಾರೆಂದು ತಿಳಿಯಿತು. ಮ್ಯಾಗ್ಡಲಿನ್ ಬಾಯಿ ಕಪ್ಪು ಸೀರೆಯಲ್ಲಿದ್ದಳು. ದೊಡ್ಡ ಹೆಂಗಸು, ಈಗ ಸೀರೆಯೇ ಅವಳನ್ನು ಉಟ್ಟ ಹಾಗೆ ಕಾಣುತ್ತಿತ್ತು.

"ಎಷ್ಟು ತಿಂಗಳಾಯಿತು ನಮ್ಮ ಕಡೆ ಬರದೆ."

"ಬಾಯೀ," ಎಂದಳು ಸುಗಂಧಿ.

"ವಿಡಿಯೋ ನೋಡಿದೆ. ದಿನಾ ನೋಡುತ್ತೇನೆ. ಬೆಳಗ್ಗೆ ಎದ್ದು ಒಮ್ಮೆ, ಪ್ರಾರ್ಥನೆ ಆದ ಮೇಲೆ ಒಮ್ಮೆ. ನಡುವೆ ಎಷ್ಟು ಸಲವೋ." ಬಂಗುಡೆಯನ್ನೇ ನೋಡುತ್ತ ಹೇಳಿದಳು. "ಗೇಟಿನ ಹೊರಗೆ ಇಪ್ಪತ್ತು ವರ್ಷ ಕೂಗಿದ ಸ್ವರ, ನನಗೆ ಗೊತ್ತಾಗುವುದಿಲ್ಲವಾ? ನೀವು ಹೇಳಿದ್ದು ಸರಿ. ಆರಡಿ ಇದ್ದ ಅವನು. ಭಾರವೇ ಇದ್ದ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಸುಗಂಧಿಯನ್ನು ನೀವು ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಕತ್ತರಿಸಿದ ಮುಂದಿನದ್ದು ನಿಮ್ಮ ಹತ್ತಿರ ಉಂಟಲ್ಲ. ನಾನು ಅವನನ್ನು ನೋಡಿದ್ದು ಪೆಟ್ಟಿಗೆಯಲ್ಲಿ. ಮುಚ್ಚಿ ತಂದಿದ್ದರು. ದಡಕ್ಕೆ ಬಂದಾಗ ಮೊದಲು ಯಾರು ಮುಟ್ಟಿದರು, ಅವನ ಹತ್ತಿರ ಯಾರಾದರೂ ಎಂತ ಆದರೂ ಹೇಳಿದರಾ, ಅಷ್ಟು ಗೊತ್ತಾಗಬೇಕು ನನಗೆ. ಶುಕ್ರವಾರ ಬನ್ನಿ. ಮೀನು ಬೇಡ. ಫೋನ್ ತನ್ನಿ."

ಆ ದಿನ ಸುಗಂಧಿ ಬಂಗುಡೆಯನ್ನು ಅರ್ಧ ಬೆಲೆಗೆ ಕೊಟ್ಟು ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದಳು. ಸಂಜೆ ಮಗಳು ಬಂದ ಕೂಡಲೇ ಪೂರ್ತಿ ವಿಡಿಯೋ ಕೇಳಿದಳು. ಆಶ್ರಿತಾ ಚೀಲ ಕೆಳಗಿಟ್ಟು, ಬಾಗಿಲು ಸರಿಸಿ, ಸಣ್ಣ ದನಿಯಲ್ಲಿ ಕೇಳಿದಳು.

"ಅಮ್ಮಾ, ಅದರಲ್ಲಿ ನೀನು ಎಂತ ಹೇಳಿದ್ದೀ ನೆನಪುಂಟಾ?"

ನೆನಪಿತ್ತು. ಬಸ್ಸಿನಲ್ಲಿ ಕೇಳುವ ಕೂಗಿಗಿಂತ ಹೆಚ್ಚಾಗಿ, ಯಾರೂ ಕೇಳದ ಆ ಮಾತೇ ಮೂರು ತಿಂಗಳಿಂದ ಅವಳ ಕಿವಿಯಲ್ಲಿತ್ತು. ಬಲೆಯಲ್ಲಿ ಕೈ ಕಂಡಾಗ ಆಶ್ರಿತಾ ಮೊಬೈಲು ಕೆಳಗಿಳಿಸಲು ಹೋಗಿದ್ದಳು. ಆಗ ಸುಗಂಧಿ ಹೇಳಿದ್ದಳು, "ನಿಲ್ಲಿಸಬೇಡ ಆಶ್ರಿತಾ, ತೆಗೆಯುತ್ತಾ ಇರು." ತುಳುವಿನಲ್ಲಿ ಹೇಳಿದ್ದರೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಎನ್ನಬಹುದಿತ್ತು. ಕನ್ನಡದಲ್ಲಿ ಹೇಳಿದ್ದಳು. ವೀಕ್ಷಕರಿಗೆ ಹೇಳುವ ಕನ್ನಡದಲ್ಲಿ, ಸ್ಪಷ್ಟವಾಗಿ, ಪೂರ್ತಿ ವಾಕ್ಯ. ಹೆಣ ಕಂಡ ಮೇಲೂ ಅವಳ ನಾಲಗೆ ವೀಕ್ಷಕರ ಕಡೆಗೇ ಇತ್ತು.

"ಆ ಒಂಬತ್ತು ಸೆಕೆಂಡಿನ ಸ್ವರ ತೆಗೆದು ಕೊಡುತ್ತೇನೆ" ಎಂದಳು ಆಶ್ರಿತಾ. "ಎರಡು ನಿಮಿಷದ ಕೆಲಸ. ಅವರಿಗೆ ಬೇಕಾದ್ದು ಅದರ ಮುಂದೆ ಉಂಟು. ಅಪ್ಪ ಮಾತಾಡಿದ್ದು ಇರಲಿ. ನಿನ್ನದು ಯಾಕೆ ಅವರಿಗೆ?"

ಮಗಳು ಅಮ್ಮನ ಮೊಬೈಲಿಗೆ ಎರಡನ್ನೂ ಹಾಕಿದಳು. ಮೇಲಿನದ್ದು ಸ್ವರ ತೆಗೆದದ್ದು, ಕೆಳಗಿನದ್ದು ಹಾಗೆಯೇ ಇದ್ದದ್ದು. "ಮೇಲಿನದ್ದು ತೋರಿಸು" ಎಂದಳು.

ಗುರುವಾರ ಫಾಝಿಲ್ ಅವಳನ್ನು ಬಿಳಿ ಗೋಡೆಗೆ ಒರಗಿಸಿ ಕೂರಿಸಿ, ಮೊಬೈಲು ಎದುರಿಗೆ ಹಿಡಿದ. ಪರದೆಯ ಗುಂಡು ಚೌಕಟ್ಟಿನೊಳಗೆ ಅವಳ ಮುಖ. ಎಡಕ್ಕೆ ತಿರುಗಿ. ತಿರುಗಿದಳು. ಬಲಕ್ಕೆ ತಿರುಗಿ. ತಿರುಗಿದಳು. ಕಣ್ಣು ಮಿಟುಕಿಸಿ. ಮಿಟುಕಿಸಿದಳು.

"ಈಗ ನಗಬೇಕಂತೆ" ಎಂದ ಫಾಝಿಲ್.

ಸುಗಂಧಿ ತುಟಿ ಅಗಲಿಸಿದಳು. ಯಂತ್ರ ಒಪ್ಪಲಿಲ್ಲ.

"ಅಕ್ಕಾ, ಹಲ್ಲು ಕಾಣಬೇಕು. ವೈಟ್ ಹೌಸಿನ ಬೂತಾಯಿ ನೆನೆಸಿಕೊಳ್ಳಿ."

ಮತ್ತೆ ಅಗಲಿಸಿದಳು. ಚೌಕಟ್ಟಿನೊಳಗಿನ ಹೆಂಗಸು ಹಲ್ಲು ತೋರಿಸಿದಳು. ಮಗಳ ಮೊಬೈಲಿನ ಎದುರು ಹಗ್ಗ ಹಿಡಿದು ನಿಂತಿದ್ದವಳು ಇವಳೇ ಎಂದು ಸುಗಂಧಿಗೆ ಆಗ ಅನಿಸಿತು. ಆ ದಿನವೂ ತಾನು ಹೀಗೆಯೇ ಕಾಣುತ್ತಿದ್ದೆನಾ. ತುಟಿ ಮುಚ್ಚಿಕೊಂಡಳು. ಮೂರನೆಯ ಸಲವೂ ತಪ್ಪಿತು, ಇನ್ನು ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಎಂದು ಪರದೆ ಹೇಳಿತು.

"ನಾಳೆ ಬನ್ನಿ, ಎಂತ ಅವಸರ" ಎಂದ ಫಾಝಿಲ್. ಅವಳು ಎದ್ದು ಹೋಗುವಾಗ ಅವನೂ ನಗಲಿಲ್ಲ.

ಶುಕ್ರವಾರ ಮ್ಯಾಗ್ಡಲಿನ್ ಬಾಯಿಯ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಗಂಡ ಮಸ್ಕತ್ತಿನಲ್ಲಿ, ಮಣ್ಣು ಮುಗಿಸಿ ಹದಿನೈದು ದಿನಕ್ಕೆ ಮರಳಿದ್ದ. ಇಪ್ಪತ್ತು ವರ್ಷದಲ್ಲಿ ಸುಗಂಧಿ ಆ ಮನೆಯ ಹಿಂಬಾಗಿಲಿನ ಕಲ್ಲಿನ ತನಕ ಮಾತ್ರ ಬಂದದ್ದು. ಆ ದಿನ ಮ್ಯಾಗ್ಡಲಿನ್ ಬಾಯಿ ಎದುರು ಬಾಗಿಲು ತೆರೆದಳು. ಮೀನಿನ ಕಂಪು ಬಾರದಿರಲೆಂದು ಸುಗಂಧಿ ಎರಡು ಸಲ ಮಿಂದು ಬಂದಿದ್ದಳು. ಸೋಫಾದ ತುದಿಯಲ್ಲಿ ಕುಳಿತಳು.

ಮೇಲಿನದ್ದನ್ನು ಒತ್ತಿದಳು.

ಹಗ್ಗ, ಮುಖಗಳು, ಕೂಗು. ಮ್ಯಾಗ್ಡಲಿನ್ ಬಾಯಿಯ ತುಟಿ ಕೂಗಿನ ಜೊತೆಗೇ ಅಲುಗಿತು. ಅಷ್ಟು ಸಲ ಕೇಳಿದ್ದಳು. ಗದ್ದಲ ನಿಂತಿತು. ಬಲೆ ದಡಕ್ಕೆ ಬಂತು. ಚಿತ್ರ ವಾಲಿತು, ಮತ್ತೆ ಸರಿಯಾಯಿತು. ಅಣ್ಣು ಮೊಣಕಾಲೂರಿ, ಹೆಗಲ ಮೇಲಿನ ಬೈರಾಸು ತೆಗೆದು, ಹುಡುಗನ ಮುಖದ ಮರಳು ಒರೆಸಿ, ಅದನ್ನೇ ಹೊದಿಸಿದ. "ಮಗಾ" ಎಂದ. "ಎಷ್ಟು ಹೊತ್ತು ಒಬ್ಬನೇ ಇದ್ದೆ ಮಗಾ."

ಅಲ್ಲಿಗೆ ಮುಗಿಯಿತು.

ಮ್ಯಾಗ್ಡಲಿನ್ ಬಾಯಿ ಅಳುತ್ತಾಳೆಂದು ಸುಗಂಧಿ ಕಾದಳು. ಅವಳು ಅಳಲಿಲ್ಲ. ಫೋನ್ ತೆಗೆದುಕೊಂಡು, ಬೆರಳಿನಿಂದ ಹಿಂದಕ್ಕೆ ಸರಿಸಿ, ಕಿವಿಗೆ ಹಿಡಿದಳು. ಮತ್ತೆ ಸರಿಸಿದಳು. ಮತ್ತೆ ಕಿವಿಗೆ ಹಿಡಿದಳು.

"ಇಲ್ಲಿ ಕಡಲು ಯಾಕೆ ನಿಂತಿದೆ?"

"ಎಂತ ಬಾಯೀ?"

"ಕಡಲಿನ ಸದ್ದು. ಮೊದಲು ಉಂಟು. ಮತ್ತೆ ಇವರು ಮಗಾ ಅನ್ನುವಾಗಲೂ ಉಂಟು. ನಡುವೆ ಕಡಲೇ ಇಲ್ಲ." ಅವಳು ತಲೆ ಎತ್ತಿದಳು. "ಕಡಲು ನಿಲ್ಲುತ್ತದಾ ಸುಗಂಧಿ?"

ಮೂರು ತಿಂಗಳು ಹಗಲೆಲ್ಲ ಆ ಸದ್ದನ್ನೇ ಕೇಳುತ್ತ ಕುಳಿತ ತಾಯಿಯನ್ನು ಮಣಿಪಾಲದ ಸ್ಟುಡಿಯೋದ ಕತ್ತರಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸುಗಂಧಿ ಏನಾದರೂ ಹೇಳಬಹುದಿತ್ತು. ಗಾಳಿ, ಮೈಕ್ ಕೆಟ್ಟಿತು, ಮೊಬೈಲು ಹಳತು. ಇಪ್ಪತ್ತನಾಲ್ಕು ವರ್ಷ ನಿನ್ನೆಯ ಮೀನನ್ನು ಇವತ್ತಿನದ್ದೆಂದು ಮಾರಿದ ಬಾಯಿಗೆ ಇದೇನೂ ದೊಡ್ಡ ಮಾತಲ್ಲ. ಫೋನನ್ನು ತಿರುಗಿ ಪಡೆದಳು. ಕೆಳಗಿನದ್ದನ್ನು ಒತ್ತಿ, ಮೇಜಿನ ಮೇಲಿಟ್ಟು, ಕೈ ಹಿಂದಕ್ಕೆಳೆದುಕೊಂಡಳು.

ಈ ಸಲ ಕಡಲು ನಿಲ್ಲಲಿಲ್ಲ. ಅದರ ಮೇಲೆ ಅವಳ ಸ್ವರ ಬಂತು. ನಿಲ್ಲಿಸಬೇಡ ಆಶ್ರಿತಾ, ತೆಗೆಯುತ್ತಾ ಇರು.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅಣ್ಣು ಮಗಾ ಎಂದ. ಮುಗಿಯಿತು.

"ಅಷ್ಟನ್ನು ಕತ್ತರಿಸಿ ಕೊಡುತ್ತೇನೆ ಬಾಯೀ" ಎಂದಳು ಸುಗಂಧಿ. ತನ್ನ ಸ್ವರ ತನಗೇ ಬೇರೆ ಯಾರದ್ದೋ ಎನಿಸಿತು. "ನಿಮಗೆ ಬೇಕಾದ್ದು ಮಾತ್ರ ಇಟ್ಟು..."

"ಕತ್ತರಿಸಬೇಡಿ. ಕತ್ತರಿಸಿದ್ದು ಸಾಕು."

"ಹಾಗಾದರೆ ನಿಮ್ಮ ಫೋನಿಗೆ ಕಳಿಸಲಾ?"

"ಬೇಡ. ನನ್ನ ಹತ್ತಿರ ಇದ್ದರೆ ಊಟ ಬಿಟ್ಟು ಅದನ್ನೇ ನೋಡುತ್ತೇನೆ. ನಿಮ್ಮಲ್ಲೇ ಇರಲಿ. ಶುಕ್ರವಾರ ಶುಕ್ರವಾರ ತನ್ನಿ."

ಸುಗಂಧಿ ತಲೆಯಾಡಿಸಿದಳು. ಮ್ಯಾಗ್ಡಲಿನ್ ಬಾಯಿ ಒಳಗೆ ಹೋಗಿ ನೀರು ತಂದು ಅವಳ ಎದುರು ಇಟ್ಟಳು. ನಿಂತುಕೊಂಡೇ ಕೇಳಿದಳು.

"ಹಣ ಬಂತಾ?"

"ಇಲ್ಲ. ಮುಖ ತೋರಿಸಬೇಕು. ನಗಬೇಕಂತೆ."

"ನಗಬೇಕಾ?"

"ಹೌದು."

ಮ್ಯಾಗ್ಡಲಿನ್ ಬಾಯಿ ಅವಳ ಮುಖವನ್ನೇ ನೋಡಿದಳು. ನಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅವಳು ಒಂದು ಮಾತು ಹೇಳಿದ್ದರೆ ಸುಗಂಧಿ ಆ ಮಾತಿನ ಹಿಂದೆ ಅಡಗಿಕೊಳ್ಳಬಹುದಿತ್ತು.

ತಿಂಗಳು ಮುಗಿಯಿತು. ಸುಗಂಧಿ ಫಾಝಿಲನ ಅಂಗಡಿಯ ಎದುರಿನಿಂದ ದಿನವೂ ಹೋದಳು, ಒಳಗೆ ಹೋಗಲಿಲ್ಲ. ಆಶ್ರಿತಾ ವಿಡಿಯೋ ತೆಗೆದುಹಾಕಿದಳು. ಕಿತ್ತುಕೊಂಡ ಸ್ವರ ಮಾತ್ರ ಯಾರ ಕೈಗೂ ಸಿಗದೆ ಊರೂರು ತಿರುಗುತ್ತಲೇ ಇದೆ. ಮೊನ್ನೆ ಕಾರ್ಕಳದ ಬೇಕರಿಯಲ್ಲಿ, ಕೇಕಿನೊಳಗಿಂದ ಉಂಗುರ ಎಳೆಯುತ್ತಿದ್ದ ಜೋಡಿಯೊಂದಕ್ಕೆ ಅದು ಹಾಡಾಗಿತ್ತು. ಕಂಪನಿ ಈಗಲೂ ವಾರಕ್ಕೊಂದು ಸಂದೇಶ ಕಳಿಸುತ್ತದೆ. ನಿಮ್ಮ ಹಣ ನಿಮಗಾಗಿ ಕಾಯುತ್ತಿದೆ. ಕಂಪನಿಗೆ ದಣಿವಿಲ್ಲ.

ಶುಕ್ರವಾರಗಳು ನಡೆದವು. ಒಂದೇ ಸೋಫಾ, ಒಂದೇ ಲೋಟ ನೀರು. ಮ್ಯಾಗ್ಡಲಿನ್ ಬಾಯಿಗೆ ಅಣ್ಣುವಿನ ಮಗಾ ಎಂಬ ಕರೆ ಬೇಕಿತ್ತು. ಅದನ್ನು ಮುಟ್ಟಬೇಕಾದರೆ ಪ್ರತಿಸಲ ಸುಗಂಧಿಯ ಮಾತನ್ನು ದಾಟಿಯೇ ಹೋಗಬೇಕಿತ್ತು. ಆ ವಿಡಿಯೋಗೆ ಒಬ್ಬಳೇ ವೀಕ್ಷಕಿ. ನಡುವೆ ಜಾಹೀರಾತು ಬರಲಿಲ್ಲ, ಕೆಳಗೆ ಯಾರೂ ಏನೂ ಬರೆಯಲಿಲ್ಲ. ಒಂದು ಸಲಕ್ಕೆ ಮುಗಿದರೆ ಸುಗಂಧಿ ಹನ್ನೊಂದರ ಬಸ್ಸು ಹಿಡಿಯುತ್ತಿದ್ದಳು. ಕೆಲವೊಮ್ಮೆ ಆರು ಸಲ, ಏಳು ಸಲ. ಆಗ ಬಸ್ಸು ಹೋಗುತ್ತಿತ್ತು.

ಏಳನೆಯ ಶುಕ್ರವಾರ ಸುಗಂಧಿ ಫೋನ್ ತೆಗೆದು ಮೇಜಿನ ಮೇಲಿಟ್ಟಾಗ ಮ್ಯಾಗ್ಡಲಿನ್ ಬಾಯಿ ಅದನ್ನು ಬೋರಲು ಹಾಕಿದಳು.

"ಇವತ್ತು ಇದು ಬೇಡ. ನೀವೇ ಹೇಳಿ."

"ಎಂತ ಹೇಳಲಿ ಬಾಯೀ?"

"ಆ ದಿನದ್ದು. ಬೆಳಗ್ಗೆಯಿಂದ. ನೋಡಿದ್ದು ನೀವಲ್ವಾ?"

ಸುಗಂಧಿ ತುಳುವಿನಲ್ಲಿ ಶುರುಮಾಡಿದಳು. ಬೆಳಗ್ಗೆ ಚಳಿ ಇತ್ತು. ಚಾ ಕುಡಿಯದೆ ಹೋಗಿದ್ದೆವು. ನೀರಿನ ಸೆಳೆತ ತೆಂಕಣಕ್ಕೆ ಇತ್ತು, ಹಾಗಾಗಿ ಬಡಗಣಕ್ಕೆ ಹೋದೆವು. ಹಗ್ಗ ಭಾರ ಇತ್ತು. ಇವರು ಇದು ಮೀನಿನ ಭಾರ ಅಲ್ಲ ಎಂದರು, ನನಗೆ ಕೇಳಿಸಿತು. ಕೇಳಿಸಿಯೂ ನಾನು ಕೂಗಿದೆ. ಇದನ್ನು ಅವಳು ಈವರೆಗೆ ಗಂಡನಿಗೂ ಹೇಳಿರಲಿಲ್ಲ. ಬಲೆ ಬಂತು. ಮೊದಲು ಕಂಡದ್ದು ಕೈ.

ಅಲ್ಲಿ ನಾಲಗೆ ನಿಂತಿತು. ಮ್ಯಾಗ್ಡಲಿನ್ ಬಾಯಿ ಕಾದಳು. ಓಣಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಿದರು, ಅದು ಹೋಗುವವರೆಗೂ ಕಾದಳು. ಆಮೇಲೆ ಸುಗಂಧಿ ಆ ಮಾತನ್ನೂ ಹೇಳಿದಳು, ಅಂದು ಹೇಳಿದ ಹಾಗೆಯೇ, ಕನ್ನಡದಲ್ಲಿ. ಹೇಳಿ ಮುಗಿಸಿ ಕಣ್ಣು ಕೆಳಗೆ ಹಾಕಿದಳು.

"ಮತ್ತೆ?" ಎಂದಳು ಮ್ಯಾಗ್ಡಲಿನ್ ಬಾಯಿ.